ಓಪನ್‌ಹೈಮ್ ಬಿಟ್ಟು ಬಂದವರು

2023ರಲ್ಲಿ ಕ್ರಿಸ್ಟೋಫರ್ ನೋಲನ್ ಸಿನಿಮಾ ಬಂದ ಮೇಲೆ ಓಪನ್‌ಹೈಮರ್ ಎಂಬ ಹೆಸರು ನಮ್ಮಲ್ಲಿ ಕಾಲೇಜು ಹುಡುಗರ ಬಾಯಲ್ಲೂ ಓಡಾಡಿತು. ಅಣುಬಾಂಬು, ಟೋಪಿ, ಸಿಗರೇಟು, ನಡುವೆ ಒಂದಿಷ್ಟು ಭಗವದ್ಗೀತೆ. ಅಲ್ಲಿಗೆ ಆ ಹೆಸರಿನ ಕಥೆ ಮುಗಿಯಿತು ಅಂದುಕೊಂಡೆವು. ಆದರೆ ರಾಬರ್ಟ್ ಓಪನ್‌ಹೈಮರ್ 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟುವ ಎಷ್ಟೋ ಕಾಲ ಮೊದಲೇ ಅದೇ ಹೆಸರಿನ ಒಬ್ಬ ವಿಯೆನ್ನಾದಲ್ಲಿ ಕೂತು ಚಕ್ರವರ್ತಿಗೆ ಸಾಲ ಕೊಟ್ಟಿದ್ದ. ಇನ್ನೊಬ್ಬ ಸ್ಟುಟ್‌ಗಾರ್ಟ್‌ನಲ್ಲಿ ಗಲ್ಲಿಗೇರಿದ್ದ. ಮತ್ತೊಬ್ಬ ಯುರೋಪಿನಲ್ಲಿ ಯಾರ ಹತ್ತಿರವೂ ಇಲ್ಲದಷ್ಟು ಹೀಬ್ರೂ ಪುಸ್ತಕ ಕೂಡಿಹಾಕಿದ್ದ. ಹೆಸರು ಕೇಳಿದರೆ ಅಪ್ಪಟ ಜರ್ಮನ್. ಹೊತ್ತವರು ಹೆಚ್ಚುಪಾಲು ಯಹೂದಿಗಳು. ಎಲ್ಲರೂ ಒಂದೇ ಬೇರಿನವರೇ ಎಂದು ಕೇಳಿದರೆ, ಅಲ್ಲ ಎನ್ನಬೇಕಾಗುತ್ತದೆ. ಹಾಗಾದರೆ ಅವರನ್ನೆಲ್ಲ ಒಂದು ಹೆಸರಿಗೆ ಕಟ್ಟಿದ್ದು ಯಾವುದು? ಒಂದು ಊರು. ಸರಿಯಾಗಿ ಹೇಳಬೇಕೆಂದರೆ, ಆ ಊರನ್ನು ಬಿಟ್ಟು ಹೋದದ್ದು.

ಊರಿನ ಹೆಸರು ಓಪನ್‌ಹೈಮ್. ರೈನ್ ನದಿಯ ಎಡದಂಡೆಯಲ್ಲಿ, ಮೈನ್ಜ್ ನಗರದಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರು. ದ್ರಾಕ್ಷಿತೋಟದ ಇಳಿಜಾರು, ಕೆಂಪು ಮರಳುಗಲ್ಲಿನ ದೊಡ್ಡ ಗೋಥಿಕ್ ಚರ್ಚು, ಪಾಳುಬಿದ್ದ ಕೋಟೆ, ಹಳೆಯ ಮನೆಗಳ ಕೆಳಗೆ ಒಂದಕ್ಕೊಂದು ಕೂಡಿಕೊಂಡ ನೆಲಮಾಳಿಗೆಗಳು. 1689ರಲ್ಲಿ ಫ್ರೆಂಚ್ ಸೈನ್ಯ ಇಡೀ ಊರಿಗೆ ಬೆಂಕಿ ಹಚ್ಚಿತು. ಆಮೇಲೆ ಅದು ಮೊದಲಿನ ದೊಡ್ಡಸ್ತಿಕೆಗೆ ಏರಲೇ ಇಲ್ಲ. ಈಗ ವೈನಿಗೆ ಹೆಸರಾದ ಚಿಕ್ಕ ಪಟ್ಟಣ, ಅಷ್ಟೆ. ಊರಿನ ಹೆಸರು ಮೊದಲು ದಾಖಲೆಗೆ ಬರುವುದು 765ರಲ್ಲಿ, ಲೋರ್ಶ್ ಮಠದ ದಾನಪತ್ರಗಳಲ್ಲಿ. ಜರ್ಮನ್ನಿನಲ್ಲಿ ಹೈಮ್ ಎಂದರೆ ಮನೆ, ಬೀಡು. ಮುಂದಿರುವ ಭಾಗ ಓಪ್ಪೊ ಅಥವಾ ಓಬ್ಬೊ ಎಂಬ ವ್ಯಕ್ತಿಯ ಹೆಸರು ಎಂದು ತಿಳಿದವರ ಅಭಿಪ್ರಾಯ. ರೈನ್ ಬಯಲಿನಲ್ಲಿ ಹೈಮ್ ಎಂದು ಕೊನೆಗೊಳ್ಳುವ ಊರುಗಳು ಲೆಕ್ಕವಿಲ್ಲದಷ್ಟಿವೆ. ಫ್ರಾಂಕ್ ಜನ ಬಂದು ನೆಲೆನಿಂತಾಗ ಯಜಮಾನನ ಹೆಸರೇ ಊರಿಗೂ ಬಿತ್ತು. ಅಂದರೆ ಜಗತ್ತು ಯಹೂದಿ ಎಂದು ಗುರುತಿಸುವ ಈ ಹೆಸರಿನ ಒಳಗೆ, ಮೋಸೆಸನ್ನು ಕಂಡು ಕೇಳಿ ಅರಿಯದ ಯಾವನೋ ಫ್ರಾಂಕ್ ಗೌಡ ಸಾವಿರದಿನ್ನೂರು ವರ್ಷಗಳಿಂದ ಹಾಯಾಗಿ ಕೂತಿದ್ದಾನೆ.

ಊರ ಹೆಸರಿಗೆ ‘ಅರ್’ ಸೇರಿಸಿದರೆ ಜರ್ಮನ್ನಿನಲ್ಲಿ ಆ ಊರಿನವನು ಎಂದಾಗುತ್ತದೆ. ಇಲ್ಲಿ ಒಂದು ತಮಾಷೆಯಿದೆ. ಓಪನ್‌ಹೈಮ್‌ನಲ್ಲೇ ಇರುವವನನ್ನು ಯಾರೂ ಓಪನ್‌ಹೈಮಿನವನು ಎಂದು ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಓಪನ್‌ಹೈಮಿನವರೇ. ಊರು ಬಿಟ್ಟು ಇನ್ನೊಂದು ಊರಿನಲ್ಲಿ ಬಿಡಾರ ಹೂಡಿದಾಗ, ಅಲ್ಲಿ ಮೊದಲೇ ಇಬ್ಬರು ಸ್ಯಾಮುಯೆಲ್‌ಗಳೋ ಮೂವರು ಡೇವಿಡ್‌ಗಳೋ ಇದ್ದಾಗ, ಹೊಸದಾಗಿ ಬಂದವನಿಗೆ ಅವನ ಹಳೆಯ ಊರು ಅಂಟಿಕೊಳ್ಳುತ್ತದೆ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಗೋಕಾಕದಲ್ಲಲ್ಲ, ಸವಣೂರಿನಲ್ಲಿ. ಅಡ್ಡಹೆಸರಿನ ಊರು ಹಿರಿಯರು ಎಂದೋ ಇದ್ದ ಊರು. ಮೊಮ್ಮಕ್ಕಳ ಹೊತ್ತಿಗೆ ಅಲ್ಲಿ ಹೊಲವೂ ಇರುವುದಿಲ್ಲ, ಮನೆಯೂ ಇರುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ನಮ್ಮಲ್ಲಿ ಜನ ಊರು ಬಿಟ್ಟದ್ದು ಬಹುಮಟ್ಟಿಗೆ ನೌಕರಿಗೆ, ಬರಕ್ಕೆ, ಮದುವೆಗೆ. ರೈನ್ ದಂಡೆಯ ಯಹೂದಿಗಳನ್ನು ಎಷ್ಟೋ ಸಲ ಅಟ್ಟಲಾಯಿತು.

ಮೈನ್ಜ್, ವೋರ್ಮ್ಸ್, ಸ್ಪೈಯರ್ ಈ ಮೂರು ನಗರಗಳು ಮಧ್ಯಯುಗದ ಯುರೋಪಿನಲ್ಲಿ ಯಹೂದಿ ವಿದ್ಯೆಗೆ ತೌರುಮನೆಗಳಾಗಿದ್ದವು. 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಓಪನ್‌ಹೈಮ್ ಇರುವುದು ಮೈನ್ಜ್ ಮತ್ತು ವೋರ್ಮ್ಸ್ ನಡುವಿನ ದಾರಿಯಲ್ಲಿ. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ದಾರಿಯಲ್ಲಿ ಸಿಕ್ಕ ಈ ನಗರಗಳ ಯಹೂದಿಗಳನ್ನು ಕೊಂದವು. 1349ರಲ್ಲಿ ಮಹಾಮಾರಿ ಹಬ್ಬಿದಾಗ, ಬಾವಿಗೆ ವಿಷ ಹಾಕಿದವರು ಇವರೇ ಎಂಬ ಗಾಳಿಮಾತಿಗೆ ರೈನ್ ಉದ್ದಕ್ಕೂ ಕೇರಿಗೆ ಕೇರಿಯೇ ಬಲಿಯಾಯಿತು. 1390ರ ಸುಮಾರಿಗೆ ಪೆಲಟಿನೇಟ್ ಸಂಸ್ಥಾನದ ಅರಸ ತನ್ನ ಸೀಮೆಯ ಯಹೂದಿಗಳನ್ನು ಗಡೀಪಾರು ಮಾಡಿದ. ಹೈಡಲ್‌ಬರ್ಗ್‌ನಲ್ಲಿ ಅವರ ಪ್ರಾರ್ಥನಾ ಮಂದಿರವನ್ನು ಆಗಷ್ಟೇ ಹುಟ್ಟಿದ್ದ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟ. ಮತ್ತೊಬ್ಬ ಅರಸ ಬಂದಾಗ, ತೆರಿಗೆಗೆ ಜನ ಬೇಕೆನಿಸಿದಾಗ, ಮತ್ತೆ ಕರೆಸಿಕೊಳ್ಳುತ್ತಿದ್ದರು. ಜರ್ಮನಿ ಎಂಬ ಒಂದು ದೇಶ ಆಗ ಇರಲಿಲ್ಲ. ನೂರಾರು ಸಂಸ್ಥಾನಗಳಿದ್ದವು. ಒಂದು ಸೀಮೆಯಲ್ಲಿ ಬಾಗಿಲು ಹಾಕಿದರೆ ಹತ್ತು ಮೈಲಿ ಆಚೆಯ ಇನ್ನೊಂದರಲ್ಲಿ ಬಾಡಿಗೆ ಕೊಟ್ಟು ಇರಬಹುದಿತ್ತು. ಹೀಗೆ ಸೀಮೆಯಿಂದ ಸೀಮೆಗೆ ಹೋದವರ ಬೆನ್ನಿಗೆ ಊರ ಹೆಸರುಗಳು ಹೊರಟವು. ಸ್ಪೈಯರ್ ಬಿಟ್ಟವರಿಂದ ಶಪೀರೊ ಆಯಿತು. ಗ್ಯೂನ್ಜ್‌ಬರ್ಗ್‌ನಿಂದ ಗಿನ್ಸ್‌ಬರ್ಗ್, ವೆರ್ಟ್‌ಹೈಮ್‌ನಿಂದ ವೆರ್ಟ್‌ಹೈಮರ್, ಫಾಯ್ಶ್ಟ್‌ವಾಂಗನ್‌ನಿಂದ ಫಾಯ್ಶ್ಟ್‌ವಾಂಗರ್. ಓಪನ್‌ಹೈಮ್ ಮತ್ತು ಓಪನ್‌ಹೈಮರ್ ಇದೇ ಸಾಲಿನವು.

ಆದರೆ ಇದನ್ನು ಇಂದಿನ ಅರ್ಥದ ಮನೆತನದ ಹೆಸರು ಎಂದುಕೊಂಡರೆ ದಾರಿ ತಪ್ಪುತ್ತದೆ. ಸಾಮಾನ್ಯ ಯಹೂದಿಗೆ ಹದಿನೆಂಟನೆಯ ಶತಮಾನದ ಕೊನೆಯವರೆಗೂ ಅಂಥ ಹೆಸರು ಬೇಕಾಗಿರಲಿಲ್ಲ. ಪ್ರಾರ್ಥನಾ ಮಂದಿರದಲ್ಲಿ, ಮದುವೆ ಪತ್ರದಲ್ಲಿ, ಗೋರಿ ಕಲ್ಲಿನ ಮೇಲೆ ‘ಯಾಕೋಬನ ಮಗ ಇಸಾಕ’ ಎಂದರೆ ಸಾಕಿತ್ತು. ಮಗನ ಕಾಲಕ್ಕೆ ಅದು ‘ಇಸಾಕನ ಮಗ’ ಎಂದು ಬದಲಾಗುತ್ತಿತ್ತು. ಊರ ಹೆಸರು ಸಂತೆಯಲ್ಲಿ, ಸಾಲದ ಪುಸ್ತಕದಲ್ಲಿ, ಸುಂಕದ ಕಟ್ಟೆಯಲ್ಲಿ ಗುರುತಿಗೆ ಬಳಸುವಂಥದ್ದು. ಅಪ್ಪನಿಗೆ ಒಂದು ಊರಿನ ಹೆಸರು, ಊರು ಬದಲಿಸಿದ ಮಗನಿಗೆ ಇನ್ನೊಂದು ಊರಿನದು ಆಗುತ್ತಿದ್ದುದೂ ಉಂಟು. ಫ್ರಾಂಕ್‌ಫರ್ಟ್‌ನ ಯಹೂದಿ ಓಣಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ಅಲ್ಲಿ ಮನೆಗಳಿಗೆ ನಂಬರ್ ಇರಲಿಲ್ಲ, ಬಾಗಿಲ ಮೇಲೆ ಗುರುತಿನ ಫಲಕ ಇರುತ್ತಿತ್ತು. ಕೆಂಪು ಗುರಾಣಿಯ ಮನೆಯವರು ರಾಥ್ಸ್‌ಚೈಲ್ಡ್ ಆದರು, ಕಪ್ಪು ಗುರಾಣಿಯ ಮನೆಯವರು ಶ್ವಾರ್ಟ್ಸ್‌ಶಿಲ್ಡ್ ಆದರು. ಕಪ್ಪುಕುಳಿಯ ಗಣಿತ ಬಿಡಿಸಿದ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ 1873ರಲ್ಲಿ ಹುಟ್ಟಿದ್ದು ಅದೇ ಫ್ರಾಂಕ್‌ಫರ್ಟ್‌ನಲ್ಲಿ. ಅವನು ಕಪ್ಪುಕುಳಿಯ ಬೆನ್ನು ಹತ್ತಿದ್ದಕ್ಕೂ ಮನೆಯ ಫಲಕಕ್ಕೂ ಯಾವ ಸಂಬಂಧವೂ ಇಲ್ಲ. ಕಾಕತಾಳೀಯಗಳೂ ಕೆಲವೊಮ್ಮೆ ಹೀಗೆ ಸೊಗಸಾಗಿ ಒದಗಿಬರುತ್ತವೆ.

ಕೆಲವರ ಊರ ಹೆಸರು ಮಾತ್ರ ಬೇಗ ಗಟ್ಟಿಯಾಯಿತು. ದೊಡ್ಡ ರಬ್ಬಿಗಳದು, ಅರಸರ ಜೊತೆ ವ್ಯವಹಾರ ಇಟ್ಟುಕೊಂಡ ಸಾಹುಕಾರರದು. ಸಾವಿರಾರು ಗುಲ್ಡನ್ ಸಾಲಪತ್ರಕ್ಕೆ ರುಜು ಹಾಕುವವನಿಗೆ ಎಲ್ಲ ಸಂಸ್ಥಾನಗಳಲ್ಲೂ ಓಡುವ ಒಂದೇ ಹೆಸರು ಬೇಕಲ್ಲವೆ? ಓಪನ್‌ಹೈಮರ್ ಎಂಬ ಹೆಸರನ್ನು ಯುರೋಪು ಮೊದಲು ಕೇಳಿದ್ದು ಇಂಥವನೊಬ್ಬನಿಂದ.

ಸ್ಯಾಮುಯೆಲ್ ಓಪನ್‌ಹೈಮರ್ 1630ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಹುಟ್ಟಿದವನು. 1670ರಲ್ಲಿ ಚಕ್ರವರ್ತಿ ಲಿಯೋಪೋಲ್ಡ್ ವಿಯೆನ್ನಾದ ಯಹೂದಿಗಳನ್ನೆಲ್ಲ ಹೊರಗಟ್ಟಿದ. ಆಮೇಲೆ ಖಜಾನೆ ನೋಡಿದರೆ ಖಾಲಿ. ಸೈನ್ಯಕ್ಕೆ ಧಾನ್ಯ, ಕುದುರೆ, ಮದ್ದುಗುಂಡು ಪೂರೈಸಬಲ್ಲ ಒಬ್ಬ ಯಹೂದಿಯನ್ನೇ ಮತ್ತೆ ಒಳಗೆ ಬಿಟ್ಟುಕೊಳ್ಳಬೇಕಾಯಿತು. ಅವನೇ ಸ್ಯಾಮುಯೆಲ್. 1683ರಲ್ಲಿ ತುರ್ಕರು ವಿಯೆನ್ನಾವನ್ನು ಮುತ್ತಿದಾಗಲೂ ಮುಂದಿನ ಹಂಗೇರಿಯ ಯುದ್ಧಗಳಲ್ಲೂ ಸೈನ್ಯದ ಹೊಟ್ಟೆಗೆ ಹಾಕಿದ್ದು ಇವನ ಉದ್ದರಿ. ಅದಕ್ಕೆ ಪ್ರತಿಫಲವಾಗಿ 1697ರಲ್ಲಿ ಜೈಲು ಕಂಡ. 1700ರಲ್ಲಿ ಜನ ನುಗ್ಗಿ ಅವನ ಮನೆ ಲೂಟಿ ಮಾಡಿದರು. 1703ರಲ್ಲಿ ಸತ್ತಾಗ ಸರ್ಕಾರ ಲಕ್ಷಾಂತರ ಗುಲ್ಡನ್ ಸಾಲ ತೀರಿಸಲು ನಿರಾಕರಿಸಿ, ಅವನ ವ್ಯವಹಾರವೇ ದಿವಾಳಿ ಎಂದು ಘೋಷಿಸಿತು. ಜೊತೆಗೆ ತಾನೂ ಮುಗ್ಗಟ್ಟಿಗೆ ಸಿಕ್ಕಿಕೊಂಡಿತು, ಏಕೆಂದರೆ ಹಾಗೆ ಸಾಲ ಕೊಡುವ ಮನುಷ್ಯ ಇನ್ನೊಬ್ಬ ಇರಲಿಲ್ಲ.

ಅವನ ಅಣ್ಣತಮ್ಮಂದಿರ ಪೈಕಿಯ ಮಗ ಡೇವಿಡ್ ಓಪನ್‌ಹೈಮ್, 1664ರಲ್ಲಿ ವೋರ್ಮ್ಸ್‌ನಲ್ಲಿ ಹುಟ್ಟಿ ಪ್ರಾಗ್‌ನ ಮುಖ್ಯ ರಬ್ಬಿಯಾದ. ಅವನ ಹುಚ್ಚು ಪುಸ್ತಕ. ಸಾವಿರಾರು ಮುದ್ರಿತ ಗ್ರಂಥ, ಸಾವಿರದಷ್ಟು ಹಸ್ತಪ್ರತಿ. ಪ್ರಾಗ್‌ನಲ್ಲಿ ಕ್ಯಾಥೊಲಿಕ್ ಸೆನ್ಸಾರಿನವರ ಕಾಟ ಇದ್ದುದರಿಂದ ಅಷ್ಟನ್ನೂ ಹ್ಯಾನೋವರ್‌ನಲ್ಲಿ ಮಾವನ ಮನೆಯಲ್ಲಿ ಇಟ್ಟಿದ್ದ. ಜೀವಮಾನವಿಡೀ ಕೂಡಿಸಿದ ಪುಸ್ತಕ ನೂರಾರು ಮೈಲಿ ದೂರ! ಅವನು ಸತ್ತ ಮೇಲೆ ಅವು ಪೆಟ್ಟಿಗೆಯಲ್ಲೇ ಬಿದ್ದಿದ್ದು, ಕೊನೆಗೆ 1829ರಲ್ಲಿ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯ 9,000 ಥಾಲರ್‌ಗೆ ಕೊಂಡಿತು. ಇಂದಿಗೂ ಓಪನ್‌ಹೈಮ್ ಸಂಗ್ರಹ ಎಂದೇ ಅದರ ಹೆಸರು. ಸ್ಯಾಮುಯೆಲ್ ಓಪನ್‌ಹೈಮರ್, ಡೇವಿಡ್ ಓಪನ್‌ಹೈಮ್ ಎಂಬುದನ್ನು ಗಮನಿಸಿ. ಬಾಲದ ‘ಅರ್’ ಇದ್ದರೂ ನಡೆಯುತ್ತಿತ್ತು, ಬಿಟ್ಟರೂ ನಡೆಯುತ್ತಿತ್ತು.

ಮೂರನೆಯವನ ಕಥೆ ಕರಾಳ. ಹೈಡಲ್‌ಬರ್ಗ್‌ನಲ್ಲೇ ಹುಟ್ಟಿದ ಯೋಸೆಫ್ ಸ್ಯೂಸ್ ಓಪನ್‌ಹೈಮರ್, ವ್ಯೂರ್ಟೆಂಬರ್ಗ್‌ನ ಡ್ಯೂಕ್ ಕಾರ್ಲ್ ಅಲೆಕ್ಸಾಂಡರ್‌ನ ಹಣಕಾಸಿನ ಬಲಗೈ. ಡ್ಯೂಕನ ಖರ್ಚಿಗೆ ಹೊಸಹೊಸ ತೆರಿಗೆ ಹುಡುಕಿಕೊಟ್ಟ. ಆ ತೆರಿಗೆಗಳ ಸಿಟ್ಟೆಲ್ಲ ಇವನ ತಲೆಯ ಮೇಲೆ. 1737ರ ಮಾರ್ಚಿನಲ್ಲಿ ಡ್ಯೂಕ್ ಹಠಾತ್ತಾಗಿ ಸತ್ತ ರಾತ್ರಿಯೇ ಇವನ ಕೈಗೆ ಕೋಳ ಬಿತ್ತು. 1738ರ ಫೆಬ್ರವರಿ 4ರಂದು ಸ್ಟುಟ್‌ಗಾರ್ಟ್‌ನಲ್ಲಿ ಗಲ್ಲಿಗೇರಿಸಿ ಶವವನ್ನು ಕಬ್ಬಿಣದ ಪಂಜರದಲ್ಲಿ ಆರು ವರ್ಷ ನೇತುಹಾಕಿದರು. ಮತಾಂತರವಾಗಲು ಅವನು ಕೊನೆಗೂ ಒಪ್ಪಲಿಲ್ಲ. ಹೆಸರಿನ ದೃಷ್ಟಿಯಿಂದ ಇದರಲ್ಲಿ ಒಂದು ಸೂಕ್ಷ್ಮವಿದೆ. ಹಗೆಗಳು ಅವನನ್ನು ಓಪನ್‌ಹೈಮರ್ ಎನ್ನುತ್ತಿರಲಿಲ್ಲ. ‘ಯೂದ್ ಸ್ಯೂಸ್’, ಅಂದರೆ ಯಹೂದಿ ಸ್ಯೂಸ್. ಗೌರವದ ಪೂರ್ತಿ ಹೆಸರನ್ನು ಕಿತ್ತುಕೊಂಡು ಜಾತಿ ಹಿಡಿದು ಕರೆಯುವ ಕ್ರಮ. 1940ರಲ್ಲಿ ನಾಜಿಗಳು ತೆಗೆಸಿದ ದ್ವೇಷದ ಸಿನಿಮಾದ ಹೆಸರೂ ಅದೇ. ಅದಕ್ಕೆ ಮೊದಲು 1925ರಲ್ಲಿ ಇದೇ ಹೆಸರಿನ, ಆದರೆ ಇವನ ಬಗ್ಗೆ ಕರುಣೆಯುಳ್ಳ ಕಾದಂಬರಿ ಬರೆದವರು ಲಿಯೋನ್ ಫಾಯ್ಶ್ಟ್‌ವಾಂಗರ್. ಹದಿನಾರನೆಯ ಶತಮಾನದಲ್ಲಿ ಫಾಯ್ಶ್ಟ್‌ವಾಂಗನ್ ಊರಿನಿಂದ ಹೊರಹಾಕಿಸಿಕೊಂಡವರ ವಂಶ ಅವರದು. ಸ್ಟುಟ್‌ಗಾರ್ಟ್ 1998ರಲ್ಲಿ ಒಂದು ಚೌಕಕ್ಕೆ ಯೋಸೆಫ್ ಸ್ಯೂಸ್ ಓಪನ್‌ಹೈಮರ್ ಎಂದು ಪೂರ್ತಿ ಹೆಸರಿಟ್ಟಿತು.

ಇನ್ನು ಕಾಯಿದೆಯ ಕಾಲಕ್ಕೆ ಬರೋಣ. ಆಧುನಿಕ ಸರ್ಕಾರಕ್ಕೆ ಪ್ರಜೆಯಿಂದ ಎರಡು ಬೇಕು, ತೆರಿಗೆ ಮತ್ತು ಸಿಪಾಯಿ. ‘ಯಾಕೋಬನ ಮಗ ಇಸಾಕ’ ಎಂಬವರು ಊರಿಗೆ ಹತ್ತು ಮಂದಿ ಇದ್ದರೆ ಪಟ್ಟಿ ಬರೆಯುವ ಗುಮಾಸ್ತ ಏನು ಮಾಡಬೇಕು? 1787ರಲ್ಲಿ ಆಸ್ಟ್ರಿಯಾದ ಎರಡನೆಯ ಯೋಸೆಫ್ ಚಕ್ರವರ್ತಿ, ಪ್ರತಿ ಯಹೂದಿ ಕುಟುಂಬವೂ ಖಾಯಂ ಹೆಸರೊಂದನ್ನು ಆರಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಬಾಡನ್ 1809ರಲ್ಲಿ, ಪ್ರಶ್ಯಾ 1812ರಲ್ಲಿ, ಬವೇರಿಯಾ 1813ರಲ್ಲಿ, ವ್ಯೂರ್ಟೆಂಬರ್ಗ್ 1828ರಲ್ಲಿ ಇದೇ ದಾರಿ ಹಿಡಿದವು. ಹೆನ್ರಿ ಕಿಸಿಂಜರ್‌ನ ಮುತ್ತಜ್ಜನ ಅಪ್ಪ 1817ರಲ್ಲಿ ಬಾಡ್ ಕಿಸಿಂಗನ್ ಎಂಬ ಬವೇರಿಯಾದ ಊರಿನಿಂದ ತನ್ನ ಹೆಸರು ಕಟ್ಟಿಕೊಂಡದ್ದು ಈ ಅಲೆಯಲ್ಲೇ.

ಓಪನ್‌ಹೈಮ್ ಇದ್ದ ರೈನ್ ಎಡದಂಡೆ ಆಗ ಫ್ರಾನ್ಸಿಗೆ ಸೇರಿತ್ತು. ಅಲ್ಲಿ ನಡೆದದ್ದು ನೆಪೋಲಿಯನ್‌ನ 1808ರ ಜುಲೈ 20ರ ಆಜ್ಞೆ. ಅದರಲ್ಲಿ ಒಂದು ವಿಚಿತ್ರ ಷರತ್ತಿದೆ. ಹೊಸದಾಗಿ ಹೆಸರು ಇಟ್ಟುಕೊಳ್ಳುವ ಯಹೂದಿ ಬೈಬಲ್ಲಿನ ಹಳೆಯ ಒಡಂಬಡಿಕೆಯಿಂದ ಹೆಸರು ತೆಗೆದುಕೊಳ್ಳುವಂತಿಲ್ಲ, ಯಾವ ಪಟ್ಟಣದ ಹೆಸರನ್ನೂ ಇಟ್ಟುಕೊಳ್ಳುವಂತಿಲ್ಲ. ಮೊದಲಿನಿಂದ ಅಂಥ ಹೆಸರಿನಿಂದಲೇ ಎಲ್ಲರಿಗೂ ಗೊತ್ತಿದ್ದವರಿಗೆ ಮಾತ್ರ ಅದನ್ನು ಉಳಿಸಿಕೊಳ್ಳುವ ಅವಕಾಶ. ಆಸ್ಟ್ರಿಯಾದ 1787ರ ಆಜ್ಞೆಯೂ ಊರಿನಿಂದ ಬಂದ ಕರೆಯುವ ಹೆಸರುಗಳು ನಿಲ್ಲಬೇಕು ಎಂದೇ ಹೇಳಿತ್ತು. ಕಾಯಿದೆ ಏನೇ ಹೇಳಿದರೂ ಹಳೆಯ ಊರ ಹೆಸರುಗಳು ಅಳಿಯಲಿಲ್ಲ ಎಂಬುದು ಬೇರೆ ಮಾತು. ನನಗೆ ಈ ಷರತ್ತು ಮುಖ್ಯವೆನಿಸುವುದು ಇನ್ನೊಂದು ಕಾರಣಕ್ಕೆ. ರೋಸನ್‌ಬರ್ಗ್, ಗೋಲ್ಡ್‌ಸ್ಟೈನ್, ಬ್ಲೂಮೆಂಟಾಲ್ ಬಗೆಯ ಹೂವು-ಚಿನ್ನ-ಕಣಿವೆಯ ಹೆಸರುಗಳಲ್ಲಿ ಬಹುಪಾಲು ಈ ಕಾಯಿದೆಗಳ ಕಾಲದಲ್ಲಿ ಕಚೇರಿಯಲ್ಲಿ ಹುಟ್ಟಿದವು. ಓಪನ್‌ಹೈಮರ್ ಅಂಥದ್ದಲ್ಲ. ಗುಮಾಸ್ತ ಲೇಖನಿ ಎತ್ತುವ ಹೊತ್ತಿಗೆ ಅದು ಇನ್ನೂರು ಮುನ್ನೂರು ವರ್ಷ ತಿರುಗಾಡಿ ಬಂದಿತ್ತು.

ಈ ಗುಮಾಸ್ತರ ಬಗ್ಗೆ ಒಂದು ಜನಪ್ರಿಯ ಕಥೆಯಿದೆ. ಲಂಚ ಕೊಟ್ಟವರಿಗೆ ಹೂವಿನ ಹೆಸರು, ಕೊಡದವರಿಗೆ ಬೈಗುಳದಂಥ ಹೆಸರು ಬರೆದರಂತೆ. ಹತ್ತೊಂಬತ್ತನೆಯ ಶತಮಾನದ ಬರಹಗಾರ ಕಾರ್ಲ್ ಎಮಿಲ್ ಫ್ರಾನ್ಜೋಸ್ ಇದನ್ನು ರಂಗುರಂಗಾಗಿ ಬರೆದ. ಅಂದಿನಿಂದ ಎಲ್ಲರೂ ಅದನ್ನೇ ಹೇಳುತ್ತ ಬಂದಿದ್ದಾರೆ. ಗ್ಯಾಲಿಷಿಯಾ ಸೀಮೆಯಲ್ಲಿ ಅಂಥ ಕೆಲವು ಹೆಸರುಗಳು ಇದ್ದುದು ಹೌದು. ಆದರೆ ಅಲೆಕ್ಸಾಂಡರ್ ಬೈಡರ್ ತರಹದವರು ಸೀಮೆ ಸೀಮೆಯ ಹೆಸರುಗಳಿಗೆ ನಿಘಂಟುಗಳನ್ನೇ ಮಾಡಿ ಕೂತು ಎಣಿಸಿದ ಮೇಲೆ ಅವು ಬಲು ವಿರಳ ಎಂದು ಗೊತ್ತಾಗಿದೆ. ರೋಚಕ ಕಥೆ ಬಿಟ್ಟುಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ಅದು ಇನ್ನೂ ಓಡುತ್ತಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೆಸರಿನವರು ಎಲ್ಲಿದ್ದರು? ಪ್ರಸಿದ್ಧರ ಹುಟ್ಟೂರುಗಳನ್ನೇ ಭೂಪಟದಲ್ಲಿ ಗುರುತು ಹಾಕಿದರೂ ಸಾಕು, ಚಿತ್ರ ಮೂಡುತ್ತದೆ. ಯಹೂದಿ ಮನೆಗಳ ಹಬ್ಬ-ಹರಿದಿನಗಳನ್ನು ಚಿತ್ರಿಸಿದ, ರಾಥ್ಸ್‌ಚೈಲ್ಡ್ ಮನೆತನದ ಮೆಚ್ಚಿನ ಚಿತ್ರಕಾರ ಮೋರಿಟ್ಜ್ ಡೇನಿಯಲ್ ಓಪನ್‌ಹೈಮ್ 1800ರಲ್ಲಿ ಹಾನಾವ್‌ನಲ್ಲಿ ಹುಟ್ಟಿದ. ಅಂತರರಾಷ್ಟ್ರೀಯ ಕಾನೂನಿಗೆ ಪಠ್ಯವನ್ನೇ ಬರೆದುಕೊಟ್ಟು ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕನಾದ ಲಾಸ್ಸಾ ಓಪನ್‌ಹೈಮ್ 1858ರಲ್ಲಿ, ಹಾನಾವ್ ಪಕ್ಕದ ವಿಂಡೆಕನ್‌ನಲ್ಲಿ. ರಾಬರ್ಟ್‌ನ ಅಪ್ಪ ಯೂಲಿಯಸ್ ಓಪನ್‌ಹೈಮರ್ 1871ರಲ್ಲಿ ಮತ್ತೆ ಹಾನಾವ್‌ನಲ್ಲೇ. ವಜ್ರದ ದೊರೆ ಅರ್ನೆಸ್ಟ್ ಓಪನ್‌ಹೈಮರ್ 1880ರಲ್ಲಿ ಫ್ರೀಡ್‌ಬರ್ಗ್‌ನಲ್ಲಿ. ಎಲ್ಲವೂ ಫ್ರಾಂಕ್‌ಫರ್ಟ್ ಸುತ್ತಮುತ್ತ, ಒಂದು ದಿನದ ಗಾಡಿ ಪ್ರಯಾಣದಷ್ಟು ದೂರದೊಳಗೆ. ಹೆಸೆನ್, ಬಾಡನ್, ರೈನ್‌ಲ್ಯಾಂಡ್ ಸೀಮೆಗಳೇ ಈ ಹೆಸರಿನ ಹಾಸುಬೀಸು. ಮುನ್ನೂರು ವರ್ಷ ಸೀಮೆಯಿಂದ ಸೀಮೆಗೆ ಅಲೆದರೂ ಬಹಳ ಮಂದಿ ರೈನ್-ಮೈನ್ ಬಯಲು ದಾಟಿರಲಿಲ್ಲ. ಮುಂದಿನ ಎರಡು ತಲೆಮಾರಿನಲ್ಲಿ ಹಡಗು ಹತ್ತಿದರು. ಯೂಲಿಯಸ್ 1888ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ನೆಂಟರ ಬಟ್ಟೆ ವ್ಯಾಪಾರಕ್ಕೆ ಸೇರಿದ. ಅರ್ನೆಸ್ಟ್ ಮೀಸೆ ಮೂಡುವ ವಯಸ್ಸಿನಲ್ಲೇ ಲಂಡನ್ನಿನ ವಜ್ರದಂಗಡಿಗೆ, ಅಲ್ಲಿಂದ 1902ರಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಗೆ.

ಅರ್ನೆಸ್ಟ್‌ನ ಕಥೆಯಲ್ಲಿ ಈ ಹೆಸರಿನ ಇಬ್ಬಂದಿ ಸ್ಪಷ್ಟವಾಗಿ ಕಾಣುತ್ತದೆ. 1912ರಲ್ಲಿ ಅವನು ಕಿಂಬರ್ಲಿಯ ಮೇಯರ್ ಆದ. ಮೊದಲ ಮಹಾಯುದ್ಧ ಶುರುವಾಯಿತು. 1915ರ ಮೇ ತಿಂಗಳಲ್ಲಿ ಜರ್ಮನ್ ಜಲಾಂತರ್ಗಾಮಿ ಲುಸಿಟೇನಿಯಾ ಹಡಗನ್ನು ಮುಳುಗಿಸಿದ ಸುದ್ದಿ ಬಂದಾಗ ಬ್ರಿಟಿಷ್ ಸಾಮ್ರಾಜ್ಯದ ಊರೂರಲ್ಲಿ ಜನ ಜರ್ಮನ್ ಹೆಸರಿನ ಅಂಗಡಿ ಮುಂಗಟ್ಟುಗಳ ಮೇಲೆ ಬಿದ್ದರು. ಕಿಂಬರ್ಲಿಯಲ್ಲೂ ಹಾಗೇ ಆಯಿತು. ಮೇಯರ್ ಸಾಹೇಬರ ಹೆಸರು ಓಪನ್‌ಹೈಮರ್, ಅಂದರೆ ಜರ್ಮನ್. ಹುದ್ದೆ ಬಿಟ್ಟು ಕುಟುಂಬ ಕಟ್ಟಿಕೊಂಡು ಹೊರಟ. ಆಮೇಲೆ 1917ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಆಂಗ್ಲೊ ಅಮೆರಿಕನ್ ಕಂಪನಿ ಕಟ್ಟಿ, 1929ರಲ್ಲಿ ಡಿ ಬಿಯರ್ಸ್ ಅಧ್ಯಕ್ಷನಾಗಿ, ಜಗತ್ತಿನ ವಜ್ರ ವ್ಯಾಪಾರವನ್ನೇ ಮುಷ್ಟಿಯಲ್ಲಿ ಹಿಡಿದದ್ದು ಬೇರೆಯೇ ಅಧ್ಯಾಯ.

ಕಿಂಬರ್ಲಿಯಲ್ಲಿ ಜರ್ಮನ್ ಎನಿಸಿಕೊಂಡ ಅದೇ ಹೆಸರು ಎರಡು ದಶಕ ಕಳೆಯುವಷ್ಟರಲ್ಲಿ ಜರ್ಮನಿಯಲ್ಲೇ ಜರ್ಮನ್ ಅಲ್ಲದ್ದಾಯಿತು. ಕಲೋನ್‌ನಲ್ಲಿ ಸಾಲ್ ಓಪನ್‌ಹೈಮ್ ಎಂಬ ಬ್ಯಾಂಕಿತ್ತು. ಸಾಲೊಮನ್ ಓಪನ್‌ಹೈಮ್ 1789ರಲ್ಲಿ ಬಾನ್‌ನಲ್ಲಿ ಶುರು ಮಾಡಿದ್ದು. ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲೇ ಕ್ರೈಸ್ತರಾಗಿ, ಹೆಸರಿನ ಮುಂದೆ ‘ಫೊನ್’ ಎಂಬ ಜಹಗೀರುದಾರಿಯ ಬಿರುದನ್ನೂ ಹಚ್ಚಿಕೊಂಡಿದ್ದರು. ಸಿರಿಯಾದ ತೆಲ್ ಹಲಾಫ್ ಅಗೆದ ಪುರಾತತ್ವಜ್ಞ ಮ್ಯಾಕ್ಸ್ ಫೊನ್ ಓಪನ್‌ಹೈಮ್ ಈ ಮನೆಯವನು. ಚರ್ಚಿಗೆ ಹೋದರೇನು, ಬಿರುದು ಬಂದರೇನು? 1938ರಲ್ಲಿ ಬ್ಯಾಂಕಿನ ಬೋರ್ಡಿನಿಂದ ಓಪನ್‌ಹೈಮ್ ತೆಗೆದು, ಪಾಲುದಾರ ರಾಬರ್ಟ್ ಫೆರ್ಡ್‌ಮೆಂಗೆಸ್‌ನ ಹೆಸರು ಹಾಕಬೇಕಾಯಿತು. ಹಳೆಯ ಬೋರ್ಡು ಮ‌ರಳಿದ್ದು ಯುದ್ಧ ಮುಗಿದು 1947ರಲ್ಲಿ.

ಅದೇ 1938ರ ಆಗಸ್ಟ್ 17ರಂದು ನಾಜಿ ಸರ್ಕಾರ ಇನ್ನೊಂದು ಆದೇಶ ಹೊರಡಿಸಿತು. ಹೆಸರು ಕೇಳಿದೊಡನೆ ಯಹೂದಿ ಎಂದು ಗೊತ್ತಾಗದ ಯಹೂದಿ ಗಂಡಸರೆಲ್ಲ ಮೊದಲ ಹೆಸರಿಗೆ ‘ಇಸ್ರೇಲ್’ ಎಂದೂ ಹೆಂಗಸರು ‘ಸಾರಾ’ ಎಂದೂ ಸೇರಿಸಿಕೊಳ್ಳಬೇಕು. 1939ರ ಜನವರಿಯಿಂದ ಪಾಸ್‌ಪೋರ್ಟು, ರುಜು, ಕಾಗದಪತ್ರ ಎಲ್ಲದರಲ್ಲೂ. ಈ ಆದೇಶವನ್ನು ಓದಿದಾಗಲೆಲ್ಲ ಅನಿಸುವುದು ಇಷ್ಟು: ರಕ್ತದ ಶಾಸ್ತ್ರ ಕಟ್ಟಿಕೊಂಡು ಕೂಗಾಡಿದ ಸರ್ಕಾರವೇ, ಅಡ್ಡಹೆಸರು ನೋಡಿ ಯಹೂದಿಯನ್ನು ಹಿಡಿಯಲಾಗದು ಎಂದು ಬರೆದುಕೊಟ್ಟಂತಾಯಿತು. ಹಿಡಿಯುವುದು ಸಾಧ್ಯವೂ ಇರಲಿಲ್ಲ. ನಾಜಿ ಸಿದ್ಧಾಂತದ ಗುರು, 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಗಲ್ಲಿಗೇರಿದ ಆಲ್ಫ್ರೆಡ್‌ನ ಮನೆತನದ ಹೆಸರು ರೋಸನ್‌ಬರ್ಗ್. ಅಣುಬಾಂಬಿನ ಗುಟ್ಟನ್ನು ಸೋವಿಯತ್ತಿಗೆ ದಾಟಿಸಿದ ಆರೋಪದಲ್ಲಿ 1953ರಲ್ಲಿ ಅಮೆರಿಕ ಮರಣದಂಡನೆ ಕೊಟ್ಟ ಯಹೂದಿ ದಂಪತಿಯದೂ ರೋಸನ್‌ಬರ್ಗ್. ಬರ್ಲಿನ್ ಪೊಲೀಸ್ ಉಪಾಧ್ಯಕ್ಷ ಬರ್ನ್‌ಹಾರ್ಡ್ ವೈಸ್ ಯಹೂದಿ. ಅವನ ಹೆಸರಿನಲ್ಲಿ ಹೀಗಳೆಯಲು ಏನೂ ಸಿಗದೆ ಗೊಬೆಲ್ಸ್ ‘ಇಸಿದೋರ್’ ಎಂಬ ಹೆಸರು ಅಂಟಿಸಿ ವರ್ಷಗಟ್ಟಲೆ ಪತ್ರಿಕೆಯಲ್ಲಿ ಹಂಗಿಸಿದ. ವೈಸ್ ಮೊಕದ್ದಮೆಗಳ ಮೇಲೆ ಮೊಕದ್ದಮೆ ಹೂಡಿ ಗೆದ್ದ. ‘ಇಸಿದೋರ್’ ಮಾತ್ರ ಜನರ ಬಾಯಲ್ಲಿ ಉಳಿಯಿತು.

ಓಪನ್‌ಹೈಮರ್‌ಗಳ ಹಳೆಯ ಸೀಮೆ ಬರಿದಾದದ್ದು ಈ ವರ್ಷಗಳಲ್ಲಿ. 1940ರ ಅಕ್ಟೋಬರ್ 22ರಂದು ಬಾಡನ್ ಮತ್ತು ಪಕ್ಕದ ಪೆಲಟಿನೇಟ್‌ನ ಸುಮಾರು 6,500 ಯಹೂದಿಗಳನ್ನು ರೈಲಿಗೆ ತುಂಬಿ ಫ್ರಾನ್ಸಿನ ಗ್ಯೂರ್ಸ್ ಶಿಬಿರಕ್ಕೆ ಸಾಗಿಸಿದರು. ಬದುಕಿದ್ದ ಬಹಳ ಮಂದಿಯನ್ನು ಮುಂದೆ ಆಶ್‌ವಿಟ್ಜ್‌ಗೆ ಕಳಿಸಲಾಯಿತು. ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ಇಟ್ಟಿರುವ ಸ್ಮರಣೆಯ ಪಟ್ಟಿಯಲ್ಲಿ ಓಪನ್‌ಹೈಮರ್, ಓಪನ್‌ಹೈಮ್ ಎಂಬ ಹೆಸರುಗಳು ನೂರಾರು ಇವೆ. ತಪ್ಪಿಸಿಕೊಂಡವರಲ್ಲಿ ಸಮಾಜಶಾಸ್ತ್ರಜ್ಞ ಫ್ರಾನ್ಜ್ ಓಪನ್‌ಹೈಮರ್ ಒಬ್ಬ. 1943ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡ. ಅವನ ಕೈಕೆಳಗೆ ಡಾಕ್ಟರೇಟ್ ಮಾಡಿದ ಲುಡ್ವಿಗ್ ಎರ್ಹಾರ್ಡ್ ಯುದ್ಧಾನಂತರದ ಪಶ್ಚಿಮ ಜರ್ಮನಿಯ ಆರ್ಥಿಕತೆಯನ್ನು ಎತ್ತಿ ನಿಲ್ಲಿಸಿ ಚಾನ್ಸಲರ್ ಆದ. ಇಂದು ಈ ಹೆಸರನ್ನು ಹುಡುಕಿದರೆ ರೈನ್ ದಂಡೆಗಿಂತ ಅಮೆರಿಕ, ಇಸ್ರೇಲ್, ಬ್ರಿಟನ್, ದಕ್ಷಿಣ ಆಫ್ರಿಕಾದಲ್ಲಿ ಸುಲಭವಾಗಿ ಸಿಗುತ್ತದೆ. ಎಲ್ಲರೂ ಇಡಿಯಾಗಿ ಉಳಿಸಿಕೊಂಡಿದ್ದಾರೆಂದೂ ಅಲ್ಲ. ಅಮೆರಿಕದ ಕವಿ ಜಾರ್ಜ್ ಓಪನ್ ಮನೆಯವರು 1927ರಲ್ಲಿ ‘ಹೈಮರ್’ ಕತ್ತರಿಸಿ ಬರಿಯ ಓಪನ್ ಆದರು. ಮನೆ ಹೋಯಿತು, ಫ್ರಾಂಕ್ ಗೌಡನೊಬ್ಬನೇ ಉಳಿದ.

ಈ ಬಗೆಯ ಹೆಸರೊಂದು ಬೆಂಗಳೂರಿನಲ್ಲೂ ಕೆಲಸ ಮಾಡಿ ಹೋಗಿದೆ. ರಾಬರ್ಟ್ ಓಪನ್‌ಹೈಮರ್ 1927ರಲ್ಲಿ ಗ್ಯೋಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದದ್ದು ಮ್ಯಾಕ್ಸ್ ಬಾರ್ನ್ ಕೈಕೆಳಗೆ. ಅಣುಕೂಟಗಳ ಲೆಕ್ಕಕ್ಕೆ ರಸಾಯನಶಾಸ್ತ್ರದವರು ಇವತ್ತಿಗೂ ಬಳಸುವ ಬಾರ್ನ್-ಓಪನ್‌ಹೈಮರ್ ವಿಧಾನ ಆ ವರ್ಷದ್ದೇ. 1933ರಲ್ಲಿ ಯಹೂದಿ ಎಂಬ ಕಾರಣಕ್ಕೆ ಕುರ್ಚಿ ಕಳೆದುಕೊಂಡ ಬಾರ್ನ್, ಸಿ.ವಿ. ರಾಮನ್ ಕರೆದ ಮೇಲೆ 1935-36ರಲ್ಲಿ ಕೆಲವು ತಿಂಗಳು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ಅವರನ್ನು ಖಾಯಂ ಆಗಿ ಉಳಿಸಿಕೊಳ್ಳಬೇಕೆಂಬ ರಾಮನ್ನರ ಆಸೆ ಒಳಜಗಳದಲ್ಲಿ ಕೈಗೂಡಲಿಲ್ಲ. ಬಾರ್ನ್ ಅವರ ಅಕ್ಕತಂಗಿಯರ ಪೈಕಿಯ ಮಗ ವಾಸ್ತುಶಿಲ್ಪಿ ಓಟೊ ಕ್ಯೋನಿಗ್ಸ್‌ಬರ್ಗರ್. ಅವರು ಈಜಿಪ್ಟ್ ದಾರಿಯಲ್ಲಿ 1939ರಲ್ಲಿ ಬಂದು, ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಟಾಟಾ ಇನ್‌ಸ್ಟಿಟ್ಯೂಟ್ ಆವರಣದ ವಿಮಾನಶಾಸ್ತ್ರ, ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು ಅವರ ವಿನ್ಯಾಸ. ಭುವನೇಶ್ವರ ನಗರದ ನಕ್ಷೆಯೂ ಅವರದೇ. ಕ್ಯೋನಿಗ್ಸ್‌ಬರ್ಗರ್ ಎಂದರೆ ಕ್ಯೋನಿಗ್ಸ್‌ಬರ್ಗ್ ಊರಿನವನು. ಆ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚಿವೆ. ತತ್ವಜ್ಞಾನಿ ಕಾಂಟ್ ಬಾಳಿದ, ಎಲ್ಲಕ್ಕಿಂತ ದೊಡ್ಡದಾದ ಬಾಲ್ಟಿಕ್ ದಂಡೆಯ ಕ್ಯೋನಿಗ್ಸ್‌ಬರ್ಗ್ 1946ರಲ್ಲಿ ರಷ್ಯದ ಕಾಲಿನಿನ್‌ಗ್ರಾಡ್ ಆಯಿತು. ಊರೇ ಹೆಸರು ಬಿಟ್ಟಿತು, ಊರು ಬಿಟ್ಟವರು ಬಿಡಲಿಲ್ಲ.

ಹಾಗಾದರೆ ಬಾಂಬಿನ ರಾಬರ್ಟ್, ವಜ್ರದ ಅರ್ನೆಸ್ಟ್ ಇಬ್ಬರೂ ನೆಂಟರೇ? ಹಾನಾವ್‌ಗೂ ಫ್ರೀಡ್‌ಬರ್ಗ್‌ಗೂ ದೂರ ಸ್ವಲ್ಪವೇ ಎಂದು ಹೌದು ಅನ್ನಲು ಮನಸ್ಸಾಗುತ್ತದೆ. ಹೆಸರು ಅದನ್ನು ಹೇಳಲಾರದು. ಓಪನ್‌ಹೈಮ್‌ನಿಂದ ಬೇರೆ ಬೇರೆ ಶತಮಾನದಲ್ಲಿ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಎಷ್ಟು ಸಂಸಾರ ಹೊರಟವೋ ಅಷ್ಟು ಸಲ ಈ ಹೆಸರು ಹೊಸದಾಗಿ ಹುಟ್ಟಿದೆ. ಬೇರು ಹುಡುಕುವವರು ಹೆಸರನ್ನು ಪಕ್ಕಕ್ಕಿಟ್ಟು, ಹಿರಿಯರು 1810ರ ಸುಮಾರಿಗೆ ಯಾವ ಊರಿನಲ್ಲಿದ್ದರು ಎಂದು ಕೇಳಿಕೊಂಡು ಆ ಊರಿನ ಯಹೂದಿ ಜನನ, ಮದುವೆ, ಮರಣದ ಪುಸ್ತಕಗಳನ್ನು ತೆರೆಯುತ್ತಾರೆ. ಇಂಥ ಪುಸ್ತಕಗಳನ್ನು ಊರೂರಿನಿಂದ ಕಲೆಹಾಕಿದ್ದು ನಾಜಿಗಳ ವಂಶಾವಳಿ ಕಚೇರಿ, ಯಾರಲ್ಲಿ ಯಹೂದಿ ರಕ್ತ ಇದೆ ಎಂದು ಪತ್ತೆ ಹಚ್ಚುವುದಕ್ಕೆ. ಯುದ್ಧದ ಕೊನೆಗಾಲದಲ್ಲಿ ಅವನ್ನು ಪುಟಪುಟವಾಗಿ ಫಿಲ್ಮ್ ಮಾಡಿಸಲಾಯಿತು. ಮೂಲ ಪುಸ್ತಕಗಳಲ್ಲಿ ಎಷ್ಟೋ ಆಮೇಲೆ ನಾಶವಾದವು. ಫಿಲ್ಮುಗಳು ಉಳಿದವು. ನ್ಯೂಯಾರ್ಕ್‌ನಿಂದಲೋ ಹೈಫಾದಿಂದಲೋ ಮುತ್ತಜ್ಜಿಯ ಹುಟ್ಟಿದ ದಿನ ಹುಡುಕುವವರಿಗೆ ಈಗ ಪತ್ರಾಗಾರಗಳು ತೆಗೆದು ತೋರಿಸುವುದು ಎಷ್ಟೋ ಸಲ ಆ ಫಿಲ್ಮುಗಳನ್ನೇ.